ಯಾರ ಪೈಕಿ ಎಂದು ಕೇಳಿದ ಭಾನುವಾರ

ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ, ಡಿಸೆಂಬರ್ ರಜೆಯಲ್ಲಿ, ನಾನು ಸಿಂಗಪುರದ ನಮ್ಮ ಕಾಲೇಜಿನ ಸರ್ವಿಸ್ ಟ್ರಿಪ್‌ಗೆ ಹೆಸರು ಕೊಟ್ಟೆ. ಬೇರೆ ಗುಂಪಿನವರು ಕಾಂಬೋಡಿಯಾಕ್ಕೆ ಹೋಗಿ, ಶಾಲೆಯ ಗೋಡೆಗೆ ಬಣ್ಣ ಬಳಿದು, ಅಲ್ಲಿನ ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ನಮ್ಮ ಇತಿಹಾಸದ ಮೇಡಂ ಮಾತ್ರ ವಿಮಾನ ಯಾಕೆ, ಎಂಆರ್‌ಟಿ ರೈಲು ಸಾಕು ಅಂದರು. ಬೆಳಿಗ್ಗೆ ಕ್ಲಾಸಿನಲ್ಲಿ ನಾಗರಿಕ ಹಕ್ಕುಗಳ ಹೋರಾಟದ ಇತಿಹಾಸ. ಸಂಜೆ ಬೂನ್ ಲೇ ಸ್ಟೇಷನ್ನಿಂದಾಚೆ, ಹಡಗು ಕಟ್ಟುವ ಯಾರ್ಡಿನ ಕೆಲಸಗಾರರ ಡಾರ್ಮಿಟರಿಗೆ ಹೋಗಿ ಇಂಗ್ಲಿಷ್ ಕಲಿಸುವುದು. ಎರಡೂವರೆ ವಾರ ಇಷ್ಟೇ ಕೆಲಸ. ಆಗ ಯಾರ್ಡುಗಳಿಗೆ ಸುಗ್ಗಿ, ಎಲ್ಲಿ ನೋಡಿದರೂ ಕ್ರೇನು, ಎಷ್ಟು ಜನ ಬಂದರೂ ಸಾಲದು. ಬಂದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದಾರೆಂದು ಅಲ್ಲಿಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಮೇಡಂ ಕ್ಲಾಸ್ ರೂಮನ್ನೇ ಅಮೆರಿಕದ ಒಂದು ಹಳೆಯ ಹೋಟೆಲ್ ಮಾಡಿದರು. ಕರಿಯರಿಗೆ ಊಟ ಕೊಡದ ಹೋಟೆಲಿನಲ್ಲಿ ಕಾಲೇಜು ಹುಡುಗ ಹುಡುಗಿಯರು ಹೋಗಿ ಕೂತು, ಎಷ್ಟು ಬೈದರೂ ಏಳದೆ ಇದ್ದರಲ್ಲ, ಅದನ್ನು ನಾವು ಮಾಡಿ ನೋಡಬೇಕಿತ್ತು. ಐವರು ಕೂರುವುದು, ಐವರು ಹಿಂದೆ ನಿಂತು ಬೈಯುವುದು. ನಾನು ಕೂತವಳು. ಒಬ್ಬ ನಿಜವಾಗಿಯೂ ನನ್ನ ತಲೆಯ ಮೇಲೆ ನೀರು ಸುರಿದ. ನಾನು ಅಲುಗಲಿಲ್ಲ, ಕಣ್ಣು ಮಾತ್ರ ತುಂಬಿತು. ಮೇಡಂ ಎಲ್ಲರೆದುರು ನನ್ನ ಭುಜ ತಟ್ಟಿದರು. ಅವತ್ತು ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿಗೆ ಮರಳುವಾಗ ನನಗೆ ನನ್ನ ಮೇಲೆ ಭಾರೀ ಅಭಿಮಾನ. ಈಗ ನೆನೆದರೆ ಮೈ ಉರಿಯುತ್ತದೆ.

ಡಾರ್ಮಿಟರಿಯ ಅಡುಗೆ ಮನೆ ಒಂದು ಉದ್ದನೆಯ ಶೆಡ್ಡು. ಸಾಲಾಗಿ ಗ್ಯಾಸ್ ಒಲೆಗಳು. ನಾಲ್ಕೋ ಎಂಟೋ ಜನ ಸೇರಿ ಒಂದು ಮೆಸ್ ಮಾಡಿಕೊಂಡು, ಒಂದು ಒಲೆ ಹಿಡಿದು, ಸರದಿಯಲ್ಲಿ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಿದ್ದರು. ಮೆಸ್ ಇಲ್ಲದವನಿಗೆ ಅಲ್ಲಿ ಒಲೆ ಸಿಗುವುದು ಎಲ್ಲರ ಊಟ ಮುಗಿದ ಮೇಲೆಯೇ. ಬೆಳಗಾಗುವ ಮೊದಲೇ ಲಾರಿ ಹತ್ತಬೇಕಾದ ಜನಕ್ಕೆ ಅದು ನಿದ್ದೆಯ ಪ್ರಶ್ನೆ.

ಎರಡನೇ ಸಂಜೆಯೇ ಪಟಪಟ ಸದ್ದು ಕೇಳಿ ನಾನು ನಿಂತುಬಿಟ್ಟೆ. ಜೋಳದ ರೊಟ್ಟಿ ಬಡಿಯುವ ಸದ್ದು ನನಗೆ ಗೊತ್ತಾಗದೆ ಇರುತ್ತದೆಯೇ? ಮೂವತ್ತರ ಆಸುಪಾಸಿನ ಒಬ್ಬರು ಮಣೆಯ ಮೇಲೆ ರೊಟ್ಟಿ ತಟ್ಟುತ್ತಿದ್ದರು. ಹಣೆಯಲ್ಲಿ ತೆಳುವಾಗಿ ವಿಭೂತಿ. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಮುಖವರಳಿಸಿ, "ಬರ್ರಿ ಅಕ್ಕಾರ, ಬಿಸಿ ರೊಟ್ಟಿ ಐತಿ" ಅಂದರು. ಅವರನ್ನು ನಾನು ರೊಟ್ಟಿ ಅಣ್ಣ ಎಂದೇ ಕರೆಯತೊಡಗಿದೆ. ಅವರ ಮೆಸ್ಸಿನಲ್ಲಿ ಎಂಟು ಜನ, ಊರು ಬೇರೆ ಬೇರೆಯಾದರೂ ಎಲ್ಲರೂ ನಮ್ಮ ಕಡೆಯವರೇ. ಅವರಿಗೆಲ್ಲ ಹಿರಿಯರು ಒಬ್ಬ ಮೇಸ್ತ್ರಿ.

"ನಮ್ಮ ಮೆಸ್ಸಿನ ತಾಯಿ ಅಂದ್ರ ಇವನ ನೋಡ್ರಿ. ಇವ ಇಲ್ಲಂದ್ರ ನಾವೆಲ್ಲಾ ಬ್ರೆಡ್ ತಿಂದು ಸಾಯ್ತಿದ್ವಿ" ಎಂದು ಮೇಸ್ತ್ರಿ ನಗುತ್ತಿದ್ದರು. ವಾರವಿಡೀ ಇಂಗ್ಲಿಷ್ ಪಾಠ ಮುಗಿಸಿ ನಾನು ಆ ಒಲೆಯ ಹತ್ತಿರವೇ ಹೋಗಿ ಕೂರುತ್ತಿದ್ದೆ. ಶನಿವಾರ ಮಾತಿನ ನಡುವೆ ರೊಟ್ಟಿ ಅಣ್ಣನ ಊರು ಗೊತ್ತಾಯಿತು. ಬಿಜಾಪುರದ ಕಡೆಯ ಒಂದು ಸಣ್ಣ ಊರು, ನಮ್ಮಮ್ಮನ ತವರೂರು.

ಮನೆಗೆ ಬಂದು ಹೇಳಿದೆ. ಅಮ್ಮ ಕೈಯಲ್ಲಿದ್ದ ಸೌಟು ಬಿಟ್ಟು ಬಂದಳು.

"ನಮ್ಮೂರವನಾ? ಯಾರ ಪೈಕಿ ಅಂತ ಕೇಳ್ಲಿಲ್ವಾ?"

"ಇಲ್ಲ ಅಮ್ಮ."

"ವಾರದಿಂದ ಹೋಗ್ತಿದೀಯ, ಅದನ್ನೇ ಕೇಳಿಲ್ಲ ಅಂದ್ರೆ ಅಲ್ಲಿ ಏನು ಮಾತಾಡ್ತೀಯ? ಕೇಳ್ಕೊಂಡು ಬಾ. ಒಂದಿನ ಊಟಕ್ಕೆ ಕರೆಯೋಣ ಪಾಪ."

ನಮ್ಮವರಲ್ಲಿ ಇದು ಕುಡಿಯಲು ನೀರು ಕೊಡುವುದಕ್ಕೂ ಮೊದಲು ಕೇಳುವ ಪ್ರಶ್ನೆ. ಯಾವ ಊರು, ಯಾವ ಓಣಿ, ಯಾರ ಪೈಕಿ. ಕೇಳುವವರಿಗೆ ಅದು ಪ್ರೀತಿ. ಎಲ್ಲೋ ಒಂದು ಕಡೆ ನಂಟು ಸಿಕ್ಕೇ ಸಿಗುತ್ತದೆ ಎಂಬ ಭರವಸೆ. ಸಿಂಗಪುರದಲ್ಲಿ ಕನ್ನಡದವರು ಸಿಕ್ಕಾಗಲೆಲ್ಲ ಅಮ್ಮ ಹೀಗೆ ಕೇಳಿ ಕೇಳಿಯೇ ದೂರದ ಅತ್ತಿಗೆಯರನ್ನು ಹುಡುಕಿಕೊಂಡಿದ್ದಳು. ಈ ಪ್ರಶ್ನೆಗೆ ಉತ್ತರ ಹೇಳಲಾಗದವರೂ ಇರುತ್ತಾರೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತು, ಎಂಟೂ ಜನ ಒಲೆಯ ಸುತ್ತ ಇದ್ದರು. ನಾನು ಹೋದವಳೇ ಶುರು ಮಾಡಿದೆ.

"ಅಣ್ಣಾ, ನಿಮ್ಮೂರು ನಮ್ಮಮ್ಮನ ಊರೇ! ನೀವು ಯಾರ ಪೈಕಿ?"

ರೊಟ್ಟಿ ತಟ್ಟುವ ಕೈ ನಿಂತಿತು. "ಇಲ್ಲೇ... ಊರಾಗಿನವ್ರ ರೀ."

"ಯಾವ ಓಣಿ?"

ಅವರು ಮೇಸ್ತ್ರಿಯ ಕಡೆ ಒಮ್ಮೆ ನೋಡಿದರು. ಆ ನೋಟ ಕಂಡ ಮೇಲಾದರೂ ನಾನು ಬಾಯಿ ಮುಚ್ಚಬೇಕಿತ್ತು. "ಮಠದ ಓಣಿ ಕಡೆ ರೀ" ಅಂದರು.

"ಮಠದ ಓಣಿನಾ? ಅಜ್ಜಿ ಮನೆ ಇರೋದೇ ಅಲ್ಲಿ!" ಎಂದು ನಾನು ಕುಣಿದೆ. ಕುಣಿದವಳು ಹ್ಯಾಂಡ್‌ಫೋನ್ ತೆಗೆದು ಅಮ್ಮನಿಗೆ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿ, ಹಿಟ್ಟು ನಾದುವ ಪರಾತದ ಪಕ್ಕದಲ್ಲಿಟ್ಟೆ. ನಮ್ಮ ಜೊತೆ ಬೆಂಗಳೂರು ಕನ್ನಡ ಆಡುವ ನಮ್ಮಮ್ಮ ತವರಿನವನು ಎಂದ ಕೂಡಲೇ ತವರಿನ ಮಾತಿಗೇ ಇಳಿದಳು.

"ಯಾರಪಾ ತಮ್ಮಾ? ಮಠದ ಓಣ್ಯಾಗ ಯಾರ ಮನಿ? ಬಾವಿ ಬಾಜೂಕಿನವರೇನು?"

"ಹೌದ್ರಿ... ಬಾವಿ ಬಾಜೂಕ."

"ಬಾವಿ ಬಾಜೂಕ ನಮ್ಮ ಕಾಕಾನ ಮನಿ ಐತಲ್ಲೋ! ಅಲ್ಲಿ ಬ್ಯಾರೆ ಮನಿ ಎಲ್ಲೈತಿ? ನಿಮ್ಮಪ್ಪ ಯಾರು?"

ಹೆಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು, ತಿರುವಿ ಹಾಕಲು ಯಾರ ಕೈಯೂ ಏಳಲಿಲ್ಲ. ನನಗೆ ಆಗ ಅರ್ಥವಾಗತೊಡಗಿತು. ಫೋನ್ ಕಟ್ ಮಾಡಬಹುದಿತ್ತು, ಕೈ ಚಾಚಿದರೆ ಸಾಕಿತ್ತು. ನಾನು ಚಾಚಲಿಲ್ಲ.

"ತಮ್ಮಾ, ಕೇಳಸ್ತೇನು?" ಅಂದಳು ಅಮ್ಮ.

ರೊಟ್ಟಿ ಅಣ್ಣ ಕೈಯ ಹಿಟ್ಟು ಒರೆಸಿಕೊಂಡು, ಫೋನಿನ ಕಡೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಾ ಅಗಸಿ ಹೊರಗಿನವ ರೀ, ಅವ್ವಾರ."

ಅಗಸಿ ಎಂದರೆ ಊರ ಬಾಗಿಲು. ಆ ಬಾಗಿಲಿನ ಹೊರಗೆ ಯಾರ ಕೇರಿ ಇರುತ್ತದೆ ಎಂದು ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಿಲ್ಲ. ಅಮ್ಮ "ಹೌದೇನು... ಆತಪಾ, ಚೊಲೋ ಇರು" ಎಂದು ಫೋನ್ ಇಟ್ಟಳು. ಮೇಸ್ತ್ರಿ ಎದ್ದು ಗ್ಯಾಸ್ ಆರಿಸಿದರು. "ಇವತ್ತಿಗೆ ಸಾಕು ಬಿಡು" ಎಂದು ಮೆತ್ತಗೆ ಹೇಳಿದರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಬುಟ್ಟಿಯಲ್ಲಿ ರೊಟ್ಟಿ ಹಾಗೆಯೇ ಉಳಿಯಿತು.

ಸೋಮವಾರ ಸಂಜೆ ನೋಡಿದರೆ ಒಲೆಯ ಮುಂದೆ ಮೆಸ್ಸಿನ ಬೇರೊಬ್ಬರು ಅನ್ನ ಬೇಯಿಸುತ್ತಿದ್ದರು. ರೊಟ್ಟಿ ಅಣ್ಣ ಶೆಡ್ಡಿನ ಕೊನೆಯಲ್ಲಿ ತಮ್ಮ ಹೆಂಚು, ತಮ್ಮ ತಟ್ಟೆ ಮಡಿಲಲ್ಲಿಟ್ಟುಕೊಂಡು, ಯಾವುದಾದರೂ ಒಲೆ ಖಾಲಿಯಾಗಲಿ ಎಂದು ಕಾಯುತ್ತಿದ್ದರು. ಹಣೆಯಲ್ಲಿ ವಿಭೂತಿ ಇರಲಿಲ್ಲ.

ನಾನು ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ಮೂರು ವರ್ಷ ಆತ್ರಿ ಇವ್ರ ಕೂಡ ಉಂಡು. ಈ ವಾರ ನೋಡ್ತೇನಿ. ಇಲ್ಲಂದ್ರ ಬ್ಯಾರೆ ಡಾರ್ಮಿಟರಿಗೆ ಹಾಕ್ರಿ ಅಂತ ಸೂಪರ್‌ವೈಸರ್‌ಗೆ ಕೇಳ್ತೇನಿ" ಅಂದರು. ಆ ಬೇರೆ ಡಾರ್ಮಿಟರಿಯಲ್ಲಿ ಅವರ ಮಾತು ಬಲ್ಲವರು ಒಬ್ಬರೂ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿ, ಬೆಳಿಗ್ಗೆ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಅವರ ಮುಖಕ್ಕೆ ಒಗೆದೆ. ಹೋಟೆಲು, ಬಸ್ಸು, ಹಕ್ಕು, ಎಲ್ಲವನ್ನೂ. ಅವರು ಪೂರ್ತಿ ಕೇಳಿಸಿಕೊಂಡರು.

"ನಾ ಕೆಟ್ಟಾವ ಅಲ್ರಿ ಅಕ್ಕಾರ. ಆದ್ರ ನಮ್ಮ ನಮ್ಮ ಊರಿಗೆ ಸುದ್ದಿ ಹೋಗತೈತಿ. ನಿಮ್ಮವ್ವಾರು ಮಠದ ಓಣ್ಯಾವ್ರು. ಅವ್ರ ಮನ್ಯಾಗ ಇವ ಉಂಡ್ರ ನಾವೂ ಇವನ ಕೂಡ ಉಣ್ತೇವಿ. ನಮ್ಮದೇನೂ ತಕರಾರಿಲ್ಲ."

ಅಷ್ಟೇ ತಾನೇ, ಅನ್ನಿಸಿತು ನನಗೆ. ದಿನಾ ಲಿಂಗಪೂಜೆ ಮಾಡಿ, ಜಾತಿಯಿಲ್ಲ ಎಂದ ಶರಣರನ್ನು ನೆನೆಯದೆ ಒಂದು ಲೋಟ ನೀರು ಕುಡಿಯದವಳು ನಮ್ಮಮ್ಮ.

ಮನೆಯಲ್ಲಿ ಕೇಳಿದಾಗ ಅಮ್ಮ ಕೂಡಲೇ ಉತ್ತರ ಕೊಡಲಿಲ್ಲ. ಮಂಗಳವಾರ ಕೊಡಲಿಲ್ಲ, ಬುಧವಾರವೂ ಕೊಡಲಿಲ್ಲ. ಅಪ್ಪ ಪೇಪರಿನ ಹಿಂದೆಯೇ ಇದ್ದರು. ಗುರುವಾರ ನಾನು ಕೂಗಾಡಿದೆ.

"ಮೂಗಿಗಿಂತ ಮೂಗುತಿ ಭಾರ ಆಗೋ ಹಾಗೆ ಮಾತಾಡ್ಬೇಡ" ಎಂದಳು ಅಮ್ಮ. "ನಾನು ಯಾವತ್ತಾದ್ರೂ ಭೇದ ಮಾಡಿದೀನಾ? ನಿನ್ನ ಚೈನೀಸ್ ಫ್ರೆಂಡ್ಸ್ ಎಲ್ಲ ನಮ್ಮ ತಟ್ಟೆಯಲ್ಲೇ ಉಂಡು ಹೋಗ್ತಾರೆ. ಕರಿ ಅವನನ್ನ, ನಾನೇನು ಬೇಡ ಅಂದೆನಾ? ಭಾನುವಾರ ಅವ್ನೂ ಮೇಸ್ತ್ರಿನೂ ಇಬ್ರೂ ಬರ್ಲಿ."

ಶನಿವಾರ ಸಂಜೆ, ಬದನೆಕಾಯಿ ಹೆಚ್ಚುತ್ತಾ, ನನ್ನ ಕಡೆ ನೋಡದೆ, "ಕೆಳಗೆ ಅಂಗಡಿಗೆ ಹೋಗಿ ಪೇಪರ್ ಪ್ಲೇಟು, ಪೇಪರ್ ಕಪ್ಪು ತಗೊಂಡು ಬಾ. ಎಲ್ಲರಿಗೂ ಅದೇ ಇಡೋಣ. ಅಷ್ಟು ಪಾತ್ರೆ ಯಾರು ತೊಳೀತಾರೆ?" ಎಂದಳು.

ನಮ್ಮದು ಮೂರು ಜನರ ಮನೆ, ಬರುವವರು ಇಬ್ಬರು. ಇಪ್ಪತ್ತು ಜನ ಬಂದಾಗಲೂ ಅಮ್ಮ ಸ್ಟೀಲ್ ತಟ್ಟೆಯನ್ನೇ ಇಡುತ್ತಿದ್ದವಳು. ಅವಳು ಯಾಕೆ ಹಾಗೆ ಹೇಳಿದಳೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಜಗಳವಾಡಿದರೆ ಊಟವೇ ನಿಂತುಹೋಗುತ್ತದೆ, ಅಣ್ಣನ ಮೆಸ್ಸು ಉಳಿಯುವುದು ಮುಖ್ಯ, ಎಲ್ಲರಿಗೂ ಒಂದೇ ತಟ್ಟೆಯಲ್ಲವೇ, ಎಂದು ಲಿಫ್ಟಿನಲ್ಲಿ ಇಳಿಯುವಷ್ಟರಲ್ಲಿ ಮನಸ್ಸಿಗೆ ಎಲ್ಲ ಸಮಾಧಾನ ಹೇಳಿಕೊಂಡೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಅದು ನಾನೇ. ಪ್ಲೇಟು ತಂದೆ.

ಭಾನುವಾರ ಇಬ್ಬರೂ ಬಂದರು. ರೊಟ್ಟಿ ಅಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು, ಸೋಫಾದ ಅಂಚಿನಲ್ಲಿ ಕೂತರು. ಅಮ್ಮ ಕೈ ಬಿಚ್ಚಿ ಬಡಿಸಿದಳು. ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೇಲೆ ತುಪ್ಪ. ಕೆರೆ ತುಂಬೈತೇನು, ಶಾಲೆಯ ಕಟ್ಟಡ ಎಲ್ಲಿಗೆ ಬಂತು ಎಂದು ಕೇಳುತ್ತಲೇ ಇದ್ದಳು. ಅದರಲ್ಲಿ ಸುಳ್ಳಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಗುವುದು. ನಾವು ಐದೂ ಜನ ಪೇಪರ್ ಪ್ಲೇಟಿನಲ್ಲಿ ಉಂಡೆವು. ಪಲ್ಯದ ಎಣ್ಣೆಗೆ ಪ್ಲೇಟು ಮೆತ್ತಗಾಗಿ ಮಧ್ಯದಲ್ಲಿ ಬಾಗುತ್ತಿತ್ತು. ನಾನು ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ಅಡುಗೆ ಮನೆಯ ಸ್ಟ್ಯಾಂಡಿನ ಮೇಲೆ ಹೋಯಿತು. ತೊಳೆದು ಜೋಡಿಸಿಟ್ಟ ಸ್ಟೀಲ್ ತಟ್ಟೆಗಳು ಅಲ್ಲಿದ್ದವು. ಕಣ್ಣು ಅಲ್ಲಿಂದ ತಮ್ಮ ಪ್ಲೇಟಿಗೆ ಬಂತು, ಅಮ್ಮನ ಕಡೆ ತಿರುಗಿತು, ಆಮೇಲೆ ಊಟಕ್ಕೆ ಮರಳಿತು.

ರೊಟ್ಟಿ ಅಣ್ಣ ಉಂಡ ಪ್ಲೇಟನ್ನು ಮಡಚಿದರು. "ಅಲ್ಲೇ ಇಡಪಾ" ಎಂದಳು ಅಮ್ಮ. "ಇರಲ್ರಿ, ರೂಢಿ ಐತಿ" ಎಂದು ಅವರೇ ಪ್ಲೇಟು, ಕಪ್ಪು ಎರಡನ್ನೂ ಒಯ್ದು ಕಸ ಕೆಳಗೆ ಬೀಳಿಸುವ ಚ್ಯೂಟಿಗೆ ಹಾಕಿ ಬಂದರು. ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹೊರಡುವಾಗ ಮೇಸ್ತ್ರಿ ಕೈ ಮುಗಿದು, "ದೊಡ್ಡ ಮನಸು ಅವ್ವಾರ ನಿಮ್ಮದು. ನಮಗೂ ಒಂದು ದಾರಿ ತೋರಿಸಿದ್ರಿ" ಅಂದರು. ನಾನು ಗೆದ್ದೆ ಅಂದುಕೊಂಡೆ.

ಬುಧವಾರ ಟ್ರಿಪ್ಪಿನ ಕೊನೆಯ ಸಂಜೆ. ಮೇಡಂಗೆ ನಾನು ಅಷ್ಟಿಷ್ಟು ಹೇಳಿದ್ದೆ. ಒಬ್ಬರನ್ನು ಮೆಸ್ಸಿನಿಂದ ಹೊರಗಿಟ್ಟಿದ್ದರು, ಮಾತಾಡಿ ಸರಿ ಮಾಡಿದ್ದೇವೆ ಎಂದು. ಫೋನಿನ ವಿಷಯ ಹೇಳಿರಲಿಲ್ಲ. ಅವರು ಸಂಭ್ರಮದಿಂದ ಕ್ಯಾಮೆರಾ ಹಿಡಿದು ನನ್ನ ಜೊತೆ ಬಂದರು.

ಎಂಟೂ ಜನ ಒಲೆಯ ಪಕ್ಕ ಸುತ್ತಲೂ ಕೂತು ಉಣ್ಣುತ್ತಿದ್ದರು. ರೊಟ್ಟಿ ಅಣ್ಣನೂ ನಡುವೆಯೇ ಇದ್ದರು. ನನ್ನ ಎದೆ ಹಗುರಾಯಿತು, ಅದೂ ಎರಡು ಹೆಜ್ಜೆ ಇಡುವವರೆಗೆ ಮಾತ್ರ. ಹಿಟ್ಟಿನ ಪರಾತದ ಮುಂದೆ ಅವರಲ್ಲೇ ಬೇರೊಬ್ಬರಿದ್ದರು. ಅವರು ತಟ್ಟಿದ ರೊಟ್ಟಿ ದಪ್ಪಗೆ, ಅಂಚು ಒಡೆದಿತ್ತು. ಏಳು ಜನರ ಮುಂದೆ ಸ್ಟೀಲ್ ತಟ್ಟೆ. ರೊಟ್ಟಿ ಅಣ್ಣನ ಕೈಯಲ್ಲಿ ಪೇಪರ್ ಪ್ಲೇಟು. ಒಲೆಯ ಮೇಲಿನ ಹಲಗೆಯ ಮೇಲೆ ಅದೇ ಪ್ಲೇಟಿನ ಒಂದು ಹೊಸ ಪ್ಯಾಕೆಟ್, ಈಗಷ್ಟೇ ಬಿಚ್ಚಿದ್ದು.

ಮೇಸ್ತ್ರಿ ನನ್ನನ್ನು ಕಂಡು ಎದ್ದು ನಿಂತರು. ಮುಖದಲ್ಲಿ ಕುಹಕವಿರಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡ ಸಮಾಧಾನವಿತ್ತು.

"ನೋಡ್ರಿ ಅಕ್ಕಾರ, ನಿಮ್ಮ ಮನ್ಯಾಗ ಹೆಂಗ ಮಾಡಿದ್ರಿ, ನಾವೂ ಹಂಗ ಮಾಡೇವಿ."

"ಏನಂದರು?" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

ಇದ್ದದ್ದನ್ನು ಹೇಳಲು ಒಂದು ವಾಕ್ಯ ಸಾಕಿತ್ತು. ಆ ವಾಕ್ಯದಲ್ಲಿ ನಮ್ಮಮ್ಮ ಬರುತ್ತಿದ್ದಳು, ಅಂಗಡಿಗೆ ಹೋಗಿ ಬಂದ ನಾನು ಬರುತ್ತಿದ್ದೆ.

"ಈಗ ಮತ್ತೆ ಎಲ್ಲರೂ ಒಟ್ಟಿಗೆ ಊಟ ಮಾಡ್ತಾರಂತೆ" ಎಂದು ಹೇಳಿದೆ.

ಮೇಡಂ ಚಪ್ಪಾಳೆ ತಟ್ಟಿದರು. ಎಂಟೂ ಜನ ಊಟ ನಿಲ್ಲಿಸಿ ನಮ್ಮ ಕಡೆ ನೋಡಿದರು. ರೊಟ್ಟಿ ಅಣ್ಣನೂ ನೋಡಿದರು, ಪ್ಲೇಟು ಬಾಗದಂತೆ ಎಡಗೈಯನ್ನು ಅದರ ಕೆಳಗೆ ಕೊಟ್ಟು.