ಹುಳಿ ಎಲೆಕೋಸು ಮತ್ತು ಹನ್ನೊಂದನೇ ಮಹಡಿ

ನನ್ನ ಹೆಂಡತಿ ಲುವಾನ್ ಯಾಚಿನ್ ಯಾರ ಮನೆಗೆ ಕಾಲಿಟ್ಟರೂ ಮೊದಲು ನೆಲ ಮುಟ್ಟಿ ನೋಡುತ್ತಾಳೆ, ಆಮೇಲೆ ಮನುಷ್ಯರ ಮುಖ ನೋಡುತ್ತಾಳೆ. ಮದುವೆಗೆ ಮುಂಚೆ ನಮ್ಮ ಮನೆಗೆ ಬಂದಾಗಲೂ ಅಷ್ಟೇ. ಒಲೆಯ ಬಿಸಿ ಹಾಯುವ ನಮ್ಮ ಇಟ್ಟಿಗೆ ಮಂಚದ ಮೇಲೆ ಕೈಯ ಹಿಂಬದಿ ಇಟ್ಟು, "ಈ ಮೂಲೇಲಿ ಮಸಿ ಕಟ್ಟಿಕೊಂಡಿದೆ, ಬಿಸಿ ಬರ್ತಿಲ್ಲ" ಅಂದಳು. ಅಮ್ಮ ಅಲ್ಲಿಯೇ ಹುಡುಗಿಯನ್ನು ಒಪ್ಪಿಕೊಂಡಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ಹುಟ್ಟಿದಾಗಿನಿಂದ ನಾನು ಯಾರಿಗೂ ಊಹೂಂ ಅಂದವನಲ್ಲ.

ಚೀನಾದ ಈಶಾನ್ಯದ ಚಳಿಯೂರು ನಮ್ಮ ಮುದಾನ್‌ಜಿಯಾಂಗ್‌ನಲ್ಲಿ ಹೊಸ ವಸತಿ ಕಟ್ಟಡ ಎದ್ದರೆ ಅದರ ಬಿಸಿಯನ್ನು ಪರೀಕ್ಷಿಸಿ ಸಹಿ ಹಾಕುವುದು ಅವಳ ಕೆಲಸ. ಬಾಯ್ಲರ್ ಮನೆಯಿಂದ ಬಿಸಿನೀರು ಬಂದು, ಪ್ರತಿ ಮನೆಯ ನೆಲದಡಿಯ ಕೊಳವೆಗಳಲ್ಲಿ ಸುತ್ತಿ, ಮತ್ತೆ ಬಾಯ್ಲರಿಗೇ ಮರಳುತ್ತದೆ. ಅವಳು ನೀರು ತುಂಬಿಸಿ ಸೋರುವ ಜಾಗ ಹುಡುಕುತ್ತಾಳೆ, ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಬಿಡುತ್ತಾಳೆ. ಆಮೇಲೆ ಮೆಟ್ಟಿಲ ಪಕ್ಕದ ಗೂಡಿನಲ್ಲಿರುವ ಒಂದೊಂದು ಮನೆಯ ವಾಲ್ವನ್ನೂ ಹದವಾಗಿ ತಿರುಗಿಸಿ ಬೀಗ ಹಾಕುತ್ತಾಳೆ. ಪಂಪಿಗೆ ಹತ್ತಿರವಿದ್ದವರಿಗೆ ಬಿಗಿ, ದೂರದವರಿಗೆ ಸಡಿಲ; ಹತ್ತಿರದವರೇ ಬಿಸಿನೀರನ್ನೆಲ್ಲ ಎಳೆದುಕೊಳ್ಳದಿರಲಿ ಎಂದು. ನಿಜವಾದ ಚಳಿ ಬಿದ್ದ ಮೇಲೆ ಮನೆಮನೆಗೂ ಹೋಗಿ ಅಳೆಯುತ್ತಾಳೆ. ಕಟ್ಟಕಡೆಯ ಮನೆಯೂ ಹದಿನೆಂಟು ಡಿಗ್ರಿ ಮುಟ್ಟಿದರೆ ಸಹಿ, ಇಲ್ಲದಿದ್ದರೆ ಇಲ್ಲ. ಹೋದ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವವಳಲ್ಲ, ಒಂದು ಸೂರ್ಯಕಾಂತಿ ಬೀಜ ಬಾಯಿಗೆ ಹಾಕಿಕೊಳ್ಳುವವಳಲ್ಲ. "ಬಾಯಿಗೆ ರುಚಿ ಹತ್ತಿದ್ರೆ ಕೈಗೆ ಬಿಸಿ ತಿಳಿಯಲ್ಲ" ಅನ್ನುತ್ತಾಳೆ.

ನಾನು ಸುಯ್ ದೆಮಾವ್, ಮರದ ಕಾರ್ಖಾನೆಯ ಮೈಕಿನಲ್ಲಿ ಸುದ್ದಿ ಓದುತ್ತಿದ್ದವನು. ಬಾಯಿದ್ದವ ಬರಗಾಲದಲ್ಲೂ ಬದುಕಿದನಂತೆ. ನಾನು ಬರಗಾಲದ ಗೊಡವೆಯೇ ಇಲ್ಲದೆ ಬರೀ ಬಾಯಿಯಿಂದ ನಿವೃತ್ತಿಯ ತನಕ ಬಂದೆ.

ಕಾರ್ಖಾನೆಯ ಹಿಂದಿನ ನಮ್ಮ ಹಳೆಯ ಓಣಿಯನ್ನು ಕೆಡವಿ, ಓಣಿಗೆ ಓಣಿಯನ್ನೇ ಹನ್ನೊಂದು ಮಹಡಿಯ ಹೊಸ ಕಟ್ಟಡಕ್ಕೆ ಸಾಗಿಸಿದರು. ಓಣಿಯಲ್ಲಿ ಒಬ್ಬೊಬ್ಬರಿಗೂ ಅವರವರ ಒಲೆ ಇತ್ತು. ಯಾರು ಎಷ್ಟು ಸೌದೆ ಒಟ್ಟಿದರೂ ಪಕ್ಕದ ಮನೆಯವರಿಗೆ ಅದರಿಂದ ಚಳಿಯಾಗುತ್ತಿರಲಿಲ್ಲ. ಇಲ್ಲಿ ಎಲ್ಲರಿಗೂ ಸೇರಿ ಒಂದೇ ಬೆಂಕಿ. ಇದರ ಅರ್ಥ ನಮ್ಮಲ್ಲಿ ಒಬ್ಬರಿಗೂ ಆಗಿರಲಿಲ್ಲ, ಯಾಚಿನ್‌ಗೆ ಬಿಟ್ಟು. ಈ ಕಟ್ಟಡದ ಪರೀಕ್ಷೆಯೂ ಅವಳ ಪಾಲಿಗೇ ಬಂತು. ಎಲ್ಲಕ್ಕಿಂತ ಬಿಗಿಯಾಗಿ ತಿರುಗಿಸಿದ್ದು ನಮ್ಮ ಮನೆಯ ವಾಲ್ವನ್ನೇ. "ಯಾರಾದ್ರೂ ಚಳಿ ಅಂತ ಬಂದ್ರೆ ಇಲ್ಲಿ ಕರೆದು ಕೂರಿಸ್ತೀನಿ" ಅಂದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಮಾತನ್ನು ನಾನು ಮನೆಯೊಳಗೇ ಹತ್ತಿ ತುಂಬಿದ ಪ್ಯಾಂಟು ಹಾಕಿಕೊಂಡು ಮನದಟ್ಟು ಮಾಡಿಕೊಂಡೆ.

ಮೊದಲು ಬಂದವನು ಎರಡನೇ ಮಹಡಿಯ ಗೆ ಎಂಬುವನು. ಹಳೇ ಓಣಿಯಲ್ಲಿ ಮಾಂಸದ ಅಂಗಡಿ ಇಟ್ಟಿದ್ದವನು.

"ಸುಯ್ ಅಣ್ಣಾ, ಅತ್ತಿಗೆ ಕೈಲಿ ಕೀಲಿ ಇದೆಯಂತೆ. ಅತ್ತಿಗೆ ಯಾರ ಕೈಲಿದ್ದಾರೆ ಅಂತ ನಮಗೆ ಗೊತ್ತಿಲ್ವಾ?"

ಅತ್ತಿಗೆ ಯಾರ ಕೈಯಲ್ಲೂ ಇಲ್ಲ ಎಂದು ಹೇಳಬಹುದಿತ್ತು. ಆದರೆ ಅವನು ಅಣ್ಣಾ ಅಂದಿದ್ದ, ಕೈಯಲ್ಲಿ ಹೊಗೆಯಾಡಿಸಿದ ಹಂದಿ ಕಿವಿಯ ಪೊಟ್ಟಣವಿತ್ತು. ಎದೆ ಉಬ್ಬಿಸಿ, "ಒಂದು ಮಾತು ಹೇಳ್ತೀನಿ ಬಿಡು" ಅಂದೆ.

ಮಾತು ಎಲ್ಲಿ ಹೇಳಲಿ? ಮಧ್ಯಾಹ್ನ ಅವಳು ಮಲಗಿದ್ದಾಗ ಬಾಗಿಲ ಹಿಂದಿನ ಮೊಳೆಯಿಂದ ಕೀಲಿ ತೆಗೆದುಕೊಂಡು ಹೋಗಿ ಗೆ ಮನೆಯ ವಾಲ್ವನ್ನು ಒಂದಿಷ್ಟು ಸಡಿಲ ಮಾಡಿ ಬಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಮಾರನೇ ದಿನ ಮೂರನೇ ಮಹಡಿಯ ಚೀ ಅಜ್ಜಿ ಹುಳಿ ಎಲೆಕೋಸು ತಂದರು. ಐದನೇ ಮಹಡಿಯ ಬಿಯಾನ್ ಕೆಂಪು ಕಾಳಿನ ಹೂರಣದ ಅಂಟು ಕಡುಬು ತಂದ. ಆಮೇಲೆ ಸಾಲುಗಟ್ಟಿದರು. ನಮ್ಮ ಬಾಲ್ಕನಿಯಲ್ಲಿ ಚೀಲದ ಮೇಲೆ ಚೀಲ ಹೆಪ್ಪುಗಟ್ಟಿ ಕೂತಿತು. ಯಾಚಿನ್ ಕೇಳಿದರೆ ಸಂತೆಯದು ಅಂದೆ. ಕಳ್ಳತನ ಅಂತ ನನಗೆ ಅನ್ನಿಸಲೇ ಇಲ್ಲ. ನೀರು ಬಾಯ್ಲರಿನದು, ತಿರುಗಿ ಬಾಯ್ಲರಿಗೇ ಹೋಗುತ್ತದೆ, ನಡುವೆ ನಾಲ್ಕು ಜನ ಬೆಚ್ಚಗಿದ್ದರೆ ಯಾರ ಗಂಟು ಹೋಯಿತು ಎಂದುಕೊಂಡೆ. ಮೆಟ್ಟಿಲಲ್ಲಿ ಇಳಿದರೆ ಎಲ್ಲರೂ ಸುಯ್ ಅಣ್ಣಾ ಅನ್ನುತ್ತಿದ್ದರು. ನಾನು ಲಿಫ್ಟ್ ಹತ್ತುವುದನ್ನೇ ಬಿಟ್ಟೆ.

ಹಿಮ ಗಟ್ಟಿಯಾಗಿ ಕೂತ ಮೇಲೆ ಯಾಚಿನ್ ಅಳೆಯಲು ಹೊರಟಳು, ಯಾವಾಗಲೂ ಕಟ್ಟಕಡೆಯ ಮನೆಯಿಂದಲೇ ಶುರು. ಬಕೆಟ್ ಹಿಡಿದು ನಾನೂ ಹಿಂದೆ ಹೋದೆ. ಹನ್ನೊಂದನೇ ಮಹಡಿಯ ಕೊನೆಯ ಮನೆಯಲ್ಲಿ ಉಷ್ಣಮಾಪಕ ಹದಿನೈದು ದಾಟಲಿಲ್ಲ.

ಅದು ಶಿಯಾವ್‌ಮಾನ್ ಎಂಬ ಹುಡುಗಿಯ ಮನೆ. ಹಳ್ಳಿಯಿಂದ ನಮ್ಮ ಓಣಿಗೆ ಮದುವೆಯಾಗಿ ಬಂದವಳು. ಗಂಡ ಲಾರಿ ಓಡಿಸುತ್ತ ದೂರದಲ್ಲಿದ್ದ. ಹೆರಿಗೆಯಾಗಿ ಹತ್ತು ದಿನವೂ ಆಗಿರಲಿಲ್ಲ. ನಮ್ಮಲ್ಲಿ ಬಾಣಂತಿ ತಿಂಗಳು ತುಂಬುವ ತನಕ ಹೊಸ್ತಿಲು ದಾಟುವಂತಿಲ್ಲ, ಬೆಚ್ಚಗಿರುವ ಮನೆಗೆ ಹೋಗಿ ಮಲಗು ಅನ್ನುವಂತೆಯೂ ಇಲ್ಲ. ಹುಡುಗಿ ತಲೆಗೆ ಟೋಪಿ ಹಾಕಿಕೊಂಡು, ಮಗುವನ್ನು ಅಂಗಿಯೊಳಗೆ ಇಟ್ಟುಕೊಂಡು ಹಾಸಿಗೆಯಲ್ಲಿ ಕೂತಿದ್ದಳು.

"ಅತ್ತೆ, ನಾನೇನಾದ್ರೂ ತಪ್ಪು ಮಾಡಿದೀನಾ? ಯಾವುದಾದ್ರೂ ತಿರುಪು ಮುಟ್ಟಬಾರದಿತ್ತಾ?"

"ನೀನೇನೂ ಮಾಡಿಲ್ಲ ಮಗಳೇ. ಕೊಳವೇಲಿ ಏನೋ ಅಡ್ಡ ಬಂದಿದೆ."

ಅಡ್ಡ ಬಂದದ್ದು ಬಕೆಟ್ ಹಿಡಿದು ಅಲ್ಲೇ ನಿಂತಿತ್ತು. ಯಾಚಿನ್ ಮಂಡಿಯೂರಿ ಕೊಳವೆಯ ಕಸ ತಡೆಯುವ ಜಾಲರಿ ಬಿಚ್ಚಿ ತೊಳೆದಳು, ಗಾಳಿ ಬಿಟ್ಟಳು. ಮರುದಿನ ಬಂದು ಮತ್ತೆ ತೊಳೆದಳು, ಮತ್ತೆ ಬಿಟ್ಟಳು. "ಮರಳು ಸಿಕ್ಕಿಕೊಂಡಿರಬಹುದು, ಹೊಸ ಕಟ್ಟಡ ನೋಡು" ಎಂದು ನಾನು ಸಲಹೆ ಬೇರೆ ಕೊಟ್ಟೆ. ಹೊರಡುವಾಗ ಅವಳು ಕೈಯ ಹಿಂಬದಿಯನ್ನು ಮಗುವಿನ ಅಂಗಾಲಿಗೆ ಇಟ್ಟಳು, ತುಸು ಹೊತ್ತು ತೆಗೆಯಲೇ ಇಲ್ಲ.

"ನಾನು ಸಹಿ ಹಾಕ್ದೇ ಇರಬಹುದು" ಅಂದಳು ಮೆಟ್ಟಿಲಲ್ಲಿ. "ಸಹಿ ಹಾಕ್ದೇ ಇದ್ರೆ ಆ ಕಾಲು ಬೆಚ್ಚಗಾಗತ್ತಾ?"

ಅವಳನ್ನು ಸಮಾಧಾನ ಮಾಡಲು ಆ ಸಂಜೆ ನಾನು ಬಾಲ್ಕನಿಯ ಚೀಲಗಳನ್ನೇ ಬಿಚ್ಚಿ ಹಬ್ಬದ ಅಡುಗೆ ಮಾಡಿದೆ. ನನ್ನ ಬುದ್ಧಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವಳು ನಾನು ಅಂದೇ ಮೊದಲು ಹೊರತೆಗೆದಿದ್ದ ಹುಳಿ ಎಲೆಕೋಸಿನ ಒಂದು ಎಳೆ ಬಾಯಿಗಿಟ್ಟು ನಿಧಾನ ಅಗಿದಳು.

"ಸಂತೇಲಿ ಯಾರೂ ಇಷ್ಟು ಉಪ್ಪು ಹಾಕಲ್ಲ. ಇದು ಚೀ ಅಜ್ಜಿ ಕೈ."

ನಾನು ಅನ್ನದ ಬಟ್ಟಲಿನೊಳಗೆ ಮುಖವಿಟ್ಟೆ.

"ಈ ಕಿವಿ ಯಾರದು?"

"ಹಂದೀದು."

"ಹಂದಿ ಯಾರದು, ಮುದುಕಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತುಟಿ ಒರೆಸಿಕೊಂಡೆ. ಅವಳು ಬಾಗಿಲ ಹಿಂದಿನ ಕೀಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬಾಲ್ಕನಿಗೆ ಹೋಗಿ ಚೀಲಗಳನ್ನೆಲ್ಲ ಹೊತ್ತು ತಂದು, ಒಂದೊಂದನ್ನೇ ಬಿಚ್ಚಿ ಮೂಸಿ, ಮೇಜಿನ ಮೇಲೆ ಸಾಲಾಗಿ ಇಡತೊಡಗಿದಳು. ಎರಡನೇ ಮಹಡಿ, ಮೂರನೇ ಮಹಡಿ, ಐದು, ಆರು. ನೋಡನೋಡುತ್ತಿದ್ದಂತೆ ನಮ್ಮ ಕಟ್ಟಡ ಊಟದ ಮೇಜಿನ ಮೇಲೆ ಎದ್ದು ನಿಂತಿತು.

"ಇದ್ರಲ್ಲಿ ಹನ್ನೊಂದನೇ ಮಹಡೀದು ಏನಿದೆ?"

"ಏನೂ ಇಲ್ಲ."

"ಅದಕ್ಕೇ ಅಲ್ಲಿ ಬಿಸೀನೂ ಇಲ್ಲ."

ಅವಳು ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ನನ್ನ ಬಾಯಿಗೂ ಹಾಕಿದೆಯಲ್ಲೋ" ಅಂದಳು ಮೆಲ್ಲಗೆ, ತನ್ನ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತ. "ದಿನಾ ಇಂಥದ್ದನ್ನೇ ತಿಂದು ಮೇಲೆ ಹೋಗಿ ಗಾಳಿ ಬಿಡ್ತಾ ಕೂತಿದ್ದೆ." ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವುದು ಇಂಥವರನ್ನೇ ಕಂಡು. ನನಗೆ ಅಳು ಬಂತು. ಆದರೂ ಕಿವಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಕೀಲಿಯನ್ನು ನನ್ನ ಕೈಗೇ ಕೊಟ್ಟಳು. "ಬಾಗಿಲು ತಟ್ಟು. ನೀನೇ ಹೇಳು. ತಿರುಗಿಸೋದು ನಾನು ನೋಡ್ಕೋತೀನಿ."

ಗೆ ಚಡ್ಡಿಯಲ್ಲಿ ಬಾಗಿಲು ತೆಗೆದ. ಹಿಂದೆ ಕಿಟಕಿ ಹಾರುಹೊಡೆದಿತ್ತು. ಕೈಯಲ್ಲಿ ಐಸ್‌ಕ್ಯಾಂಡಿ.

"ಬಾ ಅಣ್ಣಾ! ಈ ಸೆಕೆ ತಡೆಯಕ್ಕಾಗ್ತಿಲ್ಲ!"

"ನಿನ್ನ ವಾಲ್ವು ಬಿಗಿ ಮಾಡಬೇಕು."

"ಅದ್ಹೇಗಾಗತ್ತೆ? ಹಂಗಾದ್ರೆ ನನ್ನ ಹಂದಿ ಕಿವಿ ವಾಪಸ್ ಕೊಡು."

"ತಿಂದಾಯ್ತಲ್ಲೋ."

"ತಿಂದ ಮೇಲೆ ಇನ್ನೇನು ನ್ಯಾಯ?" ಎಂದು ಮೆಟ್ಟಿಲೆಲ್ಲ ಕೇಳುವಂತೆ ಕೂಗಿದ. ನನ್ನ ಹಿಂದೆ ನಿಂತಿದ್ದ ಯಾಚಿನ್ ಕೀಲಿ ತೆಗೆದುಕೊಂಡು ತಿರುಗಿಸಿದಳು, ಜೊತೆಗೆ ತಂದಿದ್ದ ಉಳಿದರ್ಧ ಕಿವಿಯನ್ನು ಅವನ ಕೈಯಲ್ಲೇ ಐಸ್‌ಕ್ಯಾಂಡಿಯ ಪಕ್ಕ ಇಟ್ಟಳು.

ಚೀ ಅಜ್ಜಿ ಮಾತ್ರ ನಾನು ಹೇಳಿ ಮುಗಿಸುವ ಮೊದಲೇ ಎದೆ ಬಡಿದುಕೊಂಡರು. "ಅಯ್ಯೋ, ಬಾಣಂತಿ ಬಿಸೀನಾ? ನಾನು ಬಾಯ್ಲರಿಂದು ಅನ್ಕೊಂಡಿದ್ದೆ ಕಣೋ! ಪೂರ್ತಿ ಮುಚ್ಚು, ನನಗೆ ಎರಡು ರಜಾಯಿ ಇದೆ." ಪೂರ್ತಿ ಮುಚ್ಚುವುದು ಬೇಡ, ಹದಿನೆಂಟು ಎಲ್ಲರಿಗೂ ಎಂದು ಯಾಚಿನ್ ಅವರಿಗೆ ತಿಳಿಹೇಳಬೇಕಾಯಿತು.

ನೆಲ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಮಾರನೇ ದಿನ ಶಿಯಾವ್‌ಮಾನ್ ಮನೆಯಲ್ಲಿ ಉಷ್ಣಮಾಪಕದ ಎದುರು ನಾನು ಕಣ್ಣು ಮಿಟುಕಿಸದೆ ಕೂತಿದ್ದೆ. ಹದಿನೆಂಟೂವರೆ ಬಂತು. ಹುಡುಗಿ ಟೋಪಿ ತೆಗೆದಳು. ಯಾಚಿನ್ ಮತ್ತೆ ಮಗುವಿನ ಅಂಗಾಲಿಗೆ ಕೈಯ ಹಿಂಬದಿ ಇಟ್ಟಳು, ಆಮೇಲೆ ಪೆನ್ನು ಕೇಳಿದಳು.

ಮಗುವಿಗೆ ತಿಂಗಳು ತುಂಬಿದ ದಿನ ಶಿಯಾವ್‌ಮಾನ್ ಕೆಂಪು ಬಣ್ಣ ಬಳಿದ ಬೇಯಿಸಿದ ಮೊಟ್ಟೆಗಳ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಮಾವ, ಬಾಗಿಲಿಗೆ ಎರಡೆರಡು ಹಂಚಿ ಬನ್ನಿ. ಎಲ್ಲರ ಬಾಗಿಲೂ ನಿಮಗೆ ಗೊತ್ತಲ್ಲ." ಗೊತ್ತಿತ್ತು. ಒಂದು ಸಲ ದಾನಶೂರನಾಗಿ, ಒಂದು ಸಲ ಕಳ್ಳನಾಗಿ ತಟ್ಟಿದ ಬಾಗಿಲುಗಳು.

ಹಂಚಿ ಬಂದು ನಮ್ಮ ಪಾಲಿನ ಎರಡನ್ನು ಮೇಜಿನ ಮೇಲಿಟ್ಟೆ. ಯಾಚಿನ್ ಮುಟ್ಟಲಿಲ್ಲ.

"ಎಲ್ಲ ಬಾಗಿಲಿಗೂ ಎರಡೇನಾ?"

"ಎರಡೇ."

"ಗೆ ಮನೆಗೆ?"

"ಅಣ್ಣಾ, ಇನ್ನೊಂದು ಕೊಡು ಅಂದ."

"ಕೊಟ್ಟೆಯಾ?"

"ಊಹೂಂ ಅಂದೆ."

ಅವಳು ಚಾಪ್‌ಸ್ಟಿಕ್ ಕೆಳಗಿಟ್ಟಳು. ಎದ್ದು ಬಂದು, ಕೈಯ ಹಿಂಬದಿಯನ್ನು ನನ್ನ ಹಣೆಗೆ ಒತ್ತಿ, ಜ್ವರವೇನಾದರೂ ಇದೆಯೇ ಎಂದು ನೋಡಿದಳು. ಆಮೇಲೆ ಒಂದು ಮೊಟ್ಟೆಯನ್ನು ಮೇಜಿನ ಅಂಚಿಗೆ ಕುಟ್ಟಿ, ಸಿಪ್ಪೆ ಬಿಡಿಸಿ ತಿಂದಳು. ತಾನು ಪರೀಕ್ಷಿಸಿದ ಮನೆಯದನ್ನು ಅವಳು ಗೊತ್ತಿದ್ದೂ ತಿಂದದ್ದು ಅದೇ ಮೊದಲು.