ಕಡೆಯ ನಾಲ್ಕು ಹಾಳೆಗಳು

ಗ್ರಂಥಾಲಯದ ಪುಸ್ತಕಕ್ಕೆ ಮುಪ್ಪು ಬರುವುದು ಹಿಂದಿನಿಂದ. ಯಾರೂ ಮುಟ್ಟದ ಕಾರಣ ಮುನ್ನುಡಿ ಚಿರಯೌವನದಲ್ಲಿ ಉಳಿದಿರುತ್ತದೆ. ಕಡೆಯ ಹಾಳೆ ಮಾತ್ರ ಎಲ್ಲಕ್ಕಿಂತ ಮೊದಲು ಸಂಸಾರ ಬಿಟ್ಟು ಹೊರಡುತ್ತದೆ. ಪುಣೆಯ ಸದಾಶಿವ ಪೇಟೆಯ ಒಂದು ವಾಡೆಯ ಮಹಡಿಯಲ್ಲಿದ್ದ ನಮ್ಮ ಕನ್ನಡ ವಾಚನಾಲಯವನ್ನು ನೋಡಿಕೊಳ್ಳತೊಡಗಿದ ಹೊಸತರಲ್ಲಿ ನಾನು ಈ ಸತ್ಯವನ್ನು ಕಂಡುಕೊಂಡೆ, ಮತ್ತು ಹೊಸ ಸತ್ಯ ಕಂಡವರೆಲ್ಲ ಮಾಡುವಂತೆ ಕೂಡಲೇ ಅಪರಾಧಿಗಳನ್ನೂ ಹುಡುಕಿದೆ. ಕೆಳಗೆ ಕರಾವಳಿಯ ಭಟ್ಟರ ಹೋಟೆಲಿತ್ತು. ಅಲ್ಲಿ ದೋಸೆ ಚಟ್ನಿ ತಿಂದು, ಬೆರಳನ್ನು ಅರ್ಧ ಧೋತರಕ್ಕೂ ಉಳಿದರ್ಧ ನಮ್ಮ ಪುಸ್ತಕಗಳಿಗೂ ಒರೆಸುವ ಓದುಗರೇ ಇದಕ್ಕೆಲ್ಲ ಮೂಲ ಎಂದು ತೀರ್ಪು ಕೊಟ್ಟುಬಿಟ್ಟೆ.

ಗ್ರಂಥಪಾಲ ಎಂದರೆ ದೊಡ್ಡ ಮಾತಾಯಿತು. ಹಗಲಿಡೀ ಸರಕಾರಿ ಕಚೇರಿಯ ಗುಮಾಸ್ತ, ಸಂಜೆ ಎರಡು ಕಪಾಟುಗಳ ಚಕ್ರವರ್ತಿ. ಇಷ್ಟೇ ನನ್ನ ವೈಭವ. ಆದರೆ ಆ ಸಾಮ್ರಾಜ್ಯಕ್ಕೆ ಪ್ರಜೆಗಳನ್ನು ಸೇರಿಸಿದ ಉಪಾಯ ನನ್ನದೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಭಟ್ಟರು ಗಿರಾಕಿಗಳನ್ನು ಸೆಳೆಯಲು ಒಂದು ಗ್ರಾಮಫೋನು ತಂದಿದ್ದರು. ಅದನ್ನು ಕೇಳುತ್ತ ಜನ ಒಂದೇ ಲೋಟ ಕಾಫಿಗೆ ಮಧ್ಯಾಹ್ನವಿಡೀ ಬೇರು ಬಿಡತೊಡಗಿದಾಗ ಅವರು ಬೇಸತ್ತು ಅದನ್ನು ಮಹಡಿಗೆ ದಾಟಿಸಿದರು. ಅಂದಿನಿಂದ ಪ್ರತಿ ಭಾನುವಾರ ನಮ್ಮಲ್ಲಿ ಸಂಗೀತ. ಒಂದು ತಟ್ಟೆ ಹಾಡಿ ಮುಗಿಸಲು ಮೂರು ನಿಮಿಷ ಸಾಕು. ಆಮೇಲೆ ಮುಳ್ಳು ಬದಲಿಸಿ, ತಟ್ಟೆ ಮಗುಚಿ, ಕೀಲಿ ತಿರುವುವ ಅಷ್ಟು ಹೊತ್ತಿನಲ್ಲಿ ನಾನು ಒಂದು ಪುಸ್ತಕದ ಕಥೆ ಹೇಳುತ್ತಿದ್ದೆ. ನಾಯಕ ಇನ್ನೇನು ಬಾಗಿಲು ತೆರೆಯಬೇಕು ಎನ್ನುವಲ್ಲಿ ನಿಲ್ಲಿಸಿ ಮುಂದಿನ ಹಾಡು ಹಚ್ಚುತ್ತಿದ್ದೆ. ಬಾಗಿಲ ಹಿಂದೆ ಯಾರಿದ್ದರೆಂದು ತಿಳಿಯಬೇಕಾದವರು ರಿಜಿಸ್ಟರಿನಲ್ಲಿ ಸಹಿ ಮಾಡಿ ಪುಸ್ತಕ ಒಯ್ಯಬೇಕು. ಹಾಡಿನ ಆಸೆಗೆ ಬಂದ ಅಕ್ಕಿ ವ್ಯಾಪಾರಿಗಳೂ ರೈಲ್ವೆ ಗುಮಾಸ್ತರೂ ಹೀಗೆ ಓದುಗರಾದರು.

ಈ ಪದ್ಧತಿಯಲ್ಲಿ ಒಂದು ಗುಟ್ಟಿದೆ, ನಿಮಗೆ ಹೇಳಿದರೆ ಅಡ್ಡಿಯಿಲ್ಲ. ಕಥೆಯನ್ನು ನಡುವೆ ನಿಲ್ಲಿಸುವವನು ಪುಸ್ತಕವನ್ನು ಪೂರ್ತಿ ಓದಬೇಕಾಗಿಲ್ಲ. ನಾನು ಎಷ್ಟೋ ಕಾದಂಬರಿಗಳನ್ನು ಬಾಗಿಲ ತನಕ ಮಾತ್ರ ಬಲ್ಲ ವಿದ್ವಾಂಸ.

ಧಾರವಾಡದ ಲೇಖಕರೊಬ್ಬರ ಕಾದಂಬರಿಯನ್ನೂ ಹಾಗೆಯೇ ಅರ್ಧ ಓದಿ ಸಾರಿದ್ದೆ. ಚಿಕ್ಕ ವಯಸ್ಸಿಗೇ ವಿಧವೆಯಾದ ಪದ್ಮಾವತಿ ಎಂಬವಳು ಕದ್ದು ಓದು ಕಲಿಯುವ ಕಥೆ ಅದು. ವಿಜಾಪುರದ ಕಡೆಯ ಭೀಮರಾಯರು ಅದನ್ನು ಮನೆಗೆ ಒಯ್ದರು. ಅವರ ಮನೆಯಲ್ಲಿ ತಂಗಿ ತುಂಗಾಬಾಯಿಯಿದ್ದಳು; ಅವಳೂ ಪದ್ಮಾವತಿಯಂತೆಯೇ ನತದೃಷ್ಟೆ, ಅವಳಂತೆಯೇ ಓದಿನ ಹುಚ್ಚಿನವಳು. ಹೆಣ್ಣುಮಕ್ಕಳ ಶಿಕ್ಷಕಿ ತರಬೇತಿಗೆ ಸೇರಬೇಕೆಂಬ ಅವಳ ಹಟಕ್ಕೆ ಅಣ್ಣ ಹೂಂ ಅಂದಿರಲಿಲ್ಲ. ಪುಸ್ತಕವನ್ನು ಮೊದಲು ಅವಳು ಓದಿದಳು, ಆಮೇಲೆ ಅವರು. ವಾರದ ನಂತರ ರಾಯರು ಹುಬ್ಬು ಗಂಟಿಕ್ಕಿ ಬಂದು, ಕಡೆಯ ಹಾಳೆಗಳೇ ಇಲ್ಲವಲ್ಲ, ಪದ್ಮಾವತಿಯ ಗತಿ ಏನಾಯಿತು ಎಂದು ಕೇಳಿದರು. ಭಟ್ಟರ ಚಟ್ನಿಯನ್ನು ಮನಸ್ಸಿನಲ್ಲೇ ಶಪಿಸುತ್ತ, ಓದಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ, ಅವಳು ಶಾಲೆ ಸೇರಿ ಮಾಸ್ತರಬಾಯಿಯಾದಳು, ಊರವರೆಲ್ಲ ಕೈಮುಗಿದರು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಚ್ಚಾದ ಮಾತು ಸುಳ್ಳಾಗದೆಂದು ನಂಬಿದ ಪೀಳಿಗೆಯವರು ಅವರು. ಆ ವರ್ಷವೇ ತುಂಗಾಬಾಯಿ ತರಬೇತಿಗೆ ಸೇರಿದಳು.

ಮರುವರ್ಷ ಆ ಲೇಖಕರು ಮುಂಬಯಿಗೆ ಹೋಗುವ ದಾರಿಯಲ್ಲಿ ಪುಣೆಯಲ್ಲಿ ಇಳಿದರು. ಅವರನ್ನು ಹಿಡಿದು ತಂದು ಓದುಗರೊಡನೆ ಮಾತಿಗೆ ಕೂರಿಸಿದ ಹೆಮ್ಮೆಯಲ್ಲಿ ನಾನು ಉಬ್ಬಿಹೋಗಿದ್ದೆ. ಸಭೆಗೆ ಮುಂಚೆ ಉಪ್ಪಿಟ್ಟು ತಿನ್ನುತ್ತ ಅವರು, ಪದ್ಮಾವತಿಯನ್ನು ಕೊನೆಗೆ ಹೊಳೆಗೆ ಹಾರಿಸಿದ್ದಕ್ಕೆ ಓದುಗರ ಬೈಗುಳ ಇನ್ನೂ ನಿಂತಿಲ್ಲ ಎಂದು ನಕ್ಕರು. ನಾನು ಸಭೆಯತ್ತ ಕಣ್ಣು ಹಾಯಿಸಿದೆ. ಭೀಮರಾಯರು ಮೊದಲ ಸಾಲಿನಲ್ಲಿ, ತುಂಗಾಬಾಯಿ ಗೋಡೆಯ ಪಕ್ಕದ ಹೆಂಗಸರ ಚಾಪೆಯ ಮೇಲೆ ಆಗಲೇ ಕುಳಿತಿದ್ದರು. ಅವಳ ತರಬೇತಿಗೆ ಇನ್ನೂ ಒಂದು ವರ್ಷ ಬಾಕಿಯಿತ್ತು. ಹೊಳೆಯ ಸುದ್ದಿ ಕೇಳಿದರೆ ಅಣ್ಣ ಅವಳನ್ನು ಮರುದಿನವೇ ಬಿಡಿಸಿ ಮನೆಯಲ್ಲಿ ಕೂರಿಸುವುದು ಖಂಡಿತವಿತ್ತು.

ಸಭೆ ಸೇರಿದ್ದೇ ತಡ ರಾಯರು ಎದ್ದು ನಿಂತರು. ಅವರ ಮಾತು ಮುಳುಗಿಸಲೆಂದು ನಾನು ಗ್ರಾಮಫೋನಿಗೆ ಧಾವಿಸಿ ಕೀಲಿ ತಿರುವಿದೆ, ಭಯಕ್ಕೆ ಇನ್ನಷ್ಟು ತಿರುವಿದೆ. ಒಳಗಿನ ಸ್ಪ್ರಿಂಗು ಠಣ್ಣೆಂದು ಮುರಿಯಿತು. ಆ ನಿಶ್ಶಬ್ದದಲ್ಲಿ ರಾಯರ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

"ನಿಮ್ಮ ಪದ್ಮಾವತಿ ಮಾಸ್ತರಬಾಯಿ ಆದದ್ದು ನೋಡೇ ನಾ ನನ್ನ ತಂಗೀನ್ನ ಟ್ರೇನಿಂಗಿಗೆ ಕಳಿಸೇನ್ರಿ. ನಿಮ್ಮ ಉಪಕಾರ ಭಾಳ ಆತು."

ಲೇಖಕರು ಅವರನ್ನು ನೋಡಿದರು, ಕೀಲಿ ಹಿಡಿದು ಬೆವರುತ್ತಿದ್ದ ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ ಹಿಂಬದಿಯಿಂದ ತೆರೆದರು. ಹರಿದ ಅಂಚನ್ನು ಬೆರಳಿನಿಂದ ಸವರಿದರು. ತಂಗಿಯ ಓದು ಹೇಗೆ ನಡೆದಿದೆ ಎಂದು ವಿಚಾರಿಸಿದರು. ಪರೀಕ್ಷೆಯಲ್ಲಿ ಎರಡನೆಯವಳಾಗಿ ಬಂದಳೆಂದು ರಾಯರು ಹೇಳಿದರು.

"ಹಂಗಾರ ಕಥಿ ಛಲೋನ ಮುಗದದ ಬಿಡ್ರಿ," ಎಂದು ಲೇಖಕರು ಪುಸ್ತಕ ಮುಚ್ಚಿದರು.

ಸ್ವಂತ ಕೃತಿಯ ಅಂತ್ಯವನ್ನು ಇನ್ನೊಬ್ಬರ ಬಾಳಿಗಾಗಿ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟ ಇನ್ನೊಬ್ಬ ಲೇಖಕನನ್ನು ನಾನು ಕಂಡಿಲ್ಲ. ಅಂದು ನನ್ನ ಕಣ್ಣು ತುಂಬಿದ್ದು ನಿಜ. ಸ್ಪ್ರಿಂಗು ಮುರಿದ ದುಃಖಕ್ಕೆ ಎಂದು ಭಟ್ಟರು ತಿಳಿದು ನನ್ನನ್ನೇ ಸಮಾಧಾನಪಡಿಸಿದರು.

ಜನ ಚದುರಿದ ಮೇಲೆ ತುಂಗಾಬಾಯಿ ನನ್ನ ಮೇಜಿನ ಬಳಿ ಬಂದಳು. ಅಣ್ಣ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಸೆರಗಿನ ಗಂಟಿನಿಂದ ಮಡಿಸಿದ ನಾಲ್ಕು ಹಾಳೆಗಳನ್ನು ತೆಗೆದು ರಿಜಿಸ್ಟರಿನ ಮೇಲಿಟ್ಟಳು.

"ಹಾಳಿ ನಾನ ಹರದೀನ್ರಿ. ಅಣ್ಣನ ಕಣ್ಣಿಗೆ ಬೀಳಬಾರದಂತ. ಮುಂದಿಂದು ನೀವು ಹೇಳಿದ್ರಿ."

ಎಣ್ಣೆಯ ಕಲೆ ಒಂದೂ ಇರಲಿಲ್ಲ. ನನ್ನ ಸುಳ್ಳಿಗೆ ಜಾಗ ಮಾಡಿಕೊಟ್ಟವಳು ಅವಳೇ ಎಂದು ತಿಳಿದಾಗ, ವರ್ಷವಿಡೀ ನಿರಪರಾಧಿ ಚಟ್ನಿಯನ್ನು ಬೈದ ನನ್ನ ಬುದ್ಧಿಗೆ ನಾನೇ ನಾಚಿದೆ.

ಈಗ ತುಂಗಾಬಾಯಿ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಮಾಸ್ತರಬಾಯಿ. ಗ್ರಾಮಫೋನಿಗೆ ಹೊಸ ಸ್ಪ್ರಿಂಗು ಬಂದಿದೆ, ಆದರೆ ಈ ಮಹಾಯುದ್ಧದ ದೆಸೆಯಿಂದ ಅದರ ಮುಳ್ಳು ಸಿಗುವುದು ದುರ್ಲಭವಾಗಿದೆ. ಖಾಲಿಯಾದ ಮುಳ್ಳಿನ ಡಬ್ಬಿಯಲ್ಲಿ ಆ ನಾಲ್ಕು ಹಾಳೆಗಳಿವೆ. ಅವನ್ನು ಪುಸ್ತಕಕ್ಕೆ ಅಂಟಿಸಬೇಕಾದದ್ದು ನನ್ನ ಕರ್ತವ್ಯ, ಅಂಟು ಕುದಿಸಲು ಮಾತ್ರ ಇನ್ನೂ ಪುರುಸೊತ್ತಾಗಿಲ್ಲ. ಕಡೆಯ ಹಾಳೆಯಿಲ್ಲದೆ ಪುಸ್ತಕಗಳು ಈಗಲೂ ಮರಳಿ ಬರುತ್ತವೆ. ನಾನು ಯಾರನ್ನೂ ಬೈಯುವುದಿಲ್ಲ. ಯಾರು ಒಯ್ದಿದ್ದರೆಂದು ರಿಜಿಸ್ಟರಿನಲ್ಲಿ ನೋಡಿ, ಮನೆಯಲ್ಲಿ ಎಲ್ಲರೂ ಕುಶಲವೇ ಎಂದು ವಿಚಾರಿಸುತ್ತೇನೆ.