ಗೌರಿಗೆ ಇಡದ ಕೋಳಿಜುಟ್ಟು

ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯಲ್ಲಿ ನಾನು ಬಿತ್ತಿದ ಅಪರೂಪದ ಹೂಗಳ ಪೈಕಿ ಹೆಚ್ಚಿನವು ಬೀಜದ ಪೊಟ್ಟಣದ ಮೇಲಿನ ಚಿತ್ರದಲ್ಲೇ ಅರಳಿ ಅಲ್ಲೇ ಬಾಡಿದವು. ಸ್ವೀಟ್ ಪೀ ಎಂಬ ಬಳ್ಳಿ ಮೊಳೆತು, ಒಂದು ಗೇಣು ಎದ್ದು, ಮಾರ್ಚ್ ತಿಂಗಳ ಬಿಸಿಲನ್ನು ನೋಡಿ ಕೈ ಮುಗಿಯಿತು. ನೈಜೆಲ್ಲಾ ಎಂಬ ನೀಲಿ ಹೂವಿನ ಗಿಡ ಬಂದದ್ದೇನೋ ಬಂತು, ಆದರೆ ಹೂ ಬಿಡುವುದನ್ನು ಬಿಟ್ಟು ಹೇನು ಸಾಕಿಕೊಂಡಿತು. ಕಪ್ಪು ಹೂ ಬಿಡುತ್ತದೆಂದು ನಂಬಿ ತರಿಸಿದ ಇನ್ನೊಂದು ಗಿಡ ಎಲೆಯಿಂದ ಬುಡದವರೆಗೆ ತಾನೇ ಕಪ್ಪಾಗಿ ನಿಂತಿತು. ಮಾತು ಉಳಿಸಿಕೊಂಡಿತು ಎನ್ನಬೇಕು.

ಇದಕ್ಕೆಲ್ಲ ಕಾರಣ ನಾನು ಸೇರಿಕೊಂಡಿದ್ದ ಒಂದು ವಾಟ್ಸಾಪ್ ಗುಂಪು. ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ಮತ್ತಿಕೆರೆಯ ತಾರಸಿಗಳೆಲ್ಲ ಅದರಲ್ಲಿದ್ದವು. ಅಲ್ಲಿ ಯಾರೂ ಚೆಂಡು ಹೂ ಬೆಳೆಯುವುದಿಲ್ಲ, ‘ಹೇರ್ಲೂಮ್’ ಬೆಳೆಯುತ್ತಾರೆ. ಹೇರ್ಲೂಮ್ ಎಂದರೆ ತಲೆತಲಾಂತರದಿಂದ ಒಂದು ಮನೆಯವರು ಬೀಜ ಉಳಿಸಿಕೊಂಡು ಬಂದ ತಳಿ. ಯಾರ ಮನೆಯವರು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಮನೆಯವರಲ್ಲ ಎಂಬುದು ಮಾತ್ರ ಎಲ್ಲರಿಗೂ ಖಾತರಿಯಿತ್ತು. ಅಲ್ಲಿ ಒಬ್ಬೊಬ್ಬರ ಮೊಳಕೆಗೂ ನಾಮಕರಣ, ಫೋಟೋ, ಅಭಿನಂದನೆ. ಮೊಳಕೆ ಸತ್ತರೆ ಅದಕ್ಕೂ ಸಂತಾಪ.

ಈ ಸಂಭ್ರಮವನ್ನೆಲ್ಲ ನೋಡುತ್ತಿದ್ದವರು ನನ್ನ ಅತ್ತೆ. ತೆಂಗಿನ ನಾರಿನ ಪುಡಿ ತುಂಬಿದ ಪುಟ್ಟ ಟ್ರೇಗಳಿಗೆ ನಾನು ಹನಿಹನಿಯಾಗಿ ನೀರು ಚಿಮುಕಿಸುತ್ತಿದ್ದರೆ, ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದವರು ನಿಂತು ನೋಡಿ, ಇಷ್ಟು ಸೇವೆ ಹುರುಳಿಕಾಳಿಗೆ ಮಾಡಿದ್ದರೆ ಒಂದು ದಿನದ ಸಾರಾದರೂ ಆಗುತ್ತಿತ್ತು ಎಂದು ಹೇಳಿ ಇಳಿದು ಹೋಗುತ್ತಿದ್ದರು.

ಅತ್ತೆ ಶೆಟ್ಟಿಹಳ್ಳಿಯವರು, ಅದು ಇನ್ನೂ ಹಳ್ಳಿಯಾಗಿದ್ದ ಕಾಲದವರು. ಅವರ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆಯುತ್ತವೆ, ಮಳೆ ಬರಲಿ ಬಿಡಲಿ ಫಸಲಿಗೆ ಮೋಸವಿಲ್ಲ. ನಮ್ಮ ಮೈದುನ ಕಟ್ಟಡ ಕಟ್ಟಿಸುವವನು. ಊರೆಲ್ಲ ಕೆಡವಿ ಕಟ್ಟಿದ ಮೇಲೆ ಕೊನೆಗೆ ಉಳಿದದ್ದು ಅವನ ಸ್ವಂತ ಹಳೆ ಮನೆ. ಅದನ್ನೂ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವುದೆಂದು ತೀರ್ಮಾನವಾಯಿತು. ಅತ್ತೆ ನಮ್ಮ ಮನೆಗೆ ಬಂದದ್ದು ಆಗ. ಹಳೆ ಮನೆಯಿಂದ ಏನು ಬೇಕು ಎಂದು ಮಕ್ಕಳು ಕೇಳಿದರು. ಹಿತ್ತಾಳೆ ಹಂಡೆ ಕೇಳಬಹುದು, ತೊಟ್ಟಿಲು ಕೇಳಬಹುದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಕೇಳಿದ್ದು ಹಿತ್ತಲಿನ ನುಗ್ಗೆ ಮರದ ಬುಡದ ಮಣ್ಣನ್ನು. ಲಾರಿಗಟ್ಟಲೆ ಮಣ್ಣು ಸಾಗಿಸಿ ಅಭ್ಯಾಸವಿದ್ದ ಮೈದುನ, ಬರೀ ಮಣ್ಣೇ ತಾನೇ ಎಂದು ಖುಷಿಯಾಗಿ ಒಂದು ಸಿಮೆಂಟ್ ಚೀಲದಲ್ಲಿ ತುಂಬಿ ಕಾರಿನ ಡಿಕ್ಕಿಯಲ್ಲಿಟ್ಟು ಕಳಿಸಿದ.

ನನ್ನ ಕಪ್ಪು ಹೂವಿನ ಗಿಡವನ್ನು ಕಿತ್ತೆಸೆದು ಅತ್ತೆ ಆ ದೊಡ್ಡ ಕುಂಡಕ್ಕೆ ತಮ್ಮ ಮಣ್ಣು ಸುರಿದರು. ಮಳೆ ಬಿದ್ದ ಮೇಲೆ ಅದರಿಂದ ಮೊದಲು ಬಂದದ್ದು ಗರಿಕೆ. ಆಮೇಲೆ ಕೀರೆ ಸೊಪ್ಪು, ಅದು ಸಾರಿಗೆ ಹೋಯಿತು. ಆಮೇಲೆ ಸೋಡಾ ಬಾಟಲಿಯ ಮುಚ್ಚಳವೊಂದು ಮೇಲೆದ್ದಿತು. ಕೊನೆಗೆ ಒಂದು ಮೂಲೆಯಲ್ಲಿ ಕೆಂಪು ದಂಟಿನ ಸಸಿಯೊಂದು ತಲೆ ಎತ್ತಿತು. ಅತ್ತೆ ಅದರ ಸುತ್ತ ಕಡ್ಡಿ ನೆಟ್ಟು, ಇದನ್ನು ಮಾತ್ರ ಯಾರೂ ಮುಟ್ಟಬಾರದು ಎಂದರು.

ಅದು ಕೋಳಿಜುಟ್ಟಿನ ಗಿಡ. ಪೇಟೆಯಲ್ಲಿ ಸಿಗುವ ಕೋಳಿಜುಟ್ಟು ಬೀಟ್‌ರೂಟ್ ಬಣ್ಣದ್ದು, ಹಬ್ಬದ ಸಮಯದಲ್ಲಿ ರಾಶಿ ರಾಶಿ ಬರುತ್ತದೆ. ಇದು ಹಾಗಿರಲಿಲ್ಲ. ಬುಡವೆಲ್ಲ ಅರಿಶಿನ, ಮೇಲಿನ ಅಂಚು ಕುಂಕುಮ. ನನ್ನ ಅಂಗೈಗಿಂತ ಅಗಲ, ಇಸ್ತ್ರಿ ಕಾಣದ ವೆಲ್ವೆಟ್ ರವಿಕೆಯ ಹಾಗೆ ಮಡಿಕೆ ಮಡಿಕೆ. ನಾನು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಸಮುದ್ರದಾಚೆಯಿಂದ ತರಿಸಿ ತರಿಸಿ ಸಾಕಾಗಿದ್ದ ಹೇರ್ಲೂಮ್ ಶೆಟ್ಟಿಹಳ್ಳಿಯಿಂದ ಸಿಮೆಂಟ್ ಚೀಲದಲ್ಲಿ ಬಂದಿತ್ತು.

ಫೋಟೋ ಹಾಕಿದ್ದೇ ತಡ, ಗುಂಪು ಎದ್ದು ಕುಣಿಯಿತು. ಇಂಥದ್ದು ಜಪಾನಿನಲ್ಲಿ ಮಾತ್ರ ಇದೆ ಎಂದರು ಆರ್.ಟಿ. ನಗರದವರೊಬ್ಬರು. ಜಪಾನಿಗೆ ಹೋಗಿದ್ದು ಇಲ್ಲಿಂದಲೇ ಎಂದರು ಯಲಹಂಕದವರು. ಹೆಬ್ಬಾಳದ ಒಬ್ಬಾಕೆ ಅದಕ್ಕೊಂದು ಹೆಸರಿಡಬೇಕೆಂದು ಹಟ ಹಿಡಿದು, ಉಚ್ಚರಿಸಲು ಮೂಗಿನ ಸಹಾಯ ಬೇಕಾಗುವಂಥ ಒಂದು ಫ್ರೆಂಚ್ ಹೆಸರನ್ನೂ ಹುಡುಕಿದರು. ಬಸ್ಸಿನ ಸೀಟಿಗೆ ಟವೆಲ್ ಹಾಕುವಂತೆ ಎಲ್ಲರೂ ಬೀಜಕ್ಕೆ ಮೊದಲೇ ಜಾಗ ಹಿಡಿದರು. ಮೊಳಕೆ ಸಾಯಿಸುವುದರಲ್ಲಿ ಮಾತ್ರ ಹೆಸರು ಮಾಡಿದ್ದ ನಾನು ಒಂದೇ ಬೆಳಗಿನಲ್ಲಿ ದೊಡ್ಡ ಮನುಷ್ಯಳಾದೆ. ಸುಳ್ಳೇಕೆ, ತುಂಬ ಚೆನ್ನಾಗಿತ್ತು.

ಆದರೆ ಇದ್ದದ್ದು ಒಂದೇ ಗಿಡ, ಅದರಲ್ಲಿ ಒಂದೇ ಹೂ. ಶೆಟ್ಟಿಹಳ್ಳಿಯ ಆ ಹಿತ್ತಲಿನಲ್ಲಿ ಅಷ್ಟು ಹೊತ್ತಿಗೆ ಪಿಲ್ಲರ್ ಎದ್ದಿದ್ದವು. ಈ ಹೂವಿನಲ್ಲಿ ಬೀಜ ಬಲಿಯದಿದ್ದರೆ ಆ ತಳಿಯ ಕಥೆ ಅಲ್ಲಿಗೆ ಮುಗಿದಂತೆ. ಹೂ ಗಿಡದಲ್ಲೇ ನಿಂತು ಒಣಗಬೇಕು, ಅಲ್ಲಿಯವರೆಗೆ ಯಾರೂ ಕೀಳಬಾರದು ಎಂದು ನಾನು ಮನೆಯಲ್ಲಿ ಸಾರಿದೆ.

ಅತ್ತೆ ಗಿಡದ ಹತ್ತಿರ ನಿಂತಿದ್ದರು. “ಗೌರಿ ಅಬ್ಬಕ್ಕೆ ಸರ್ಯಾಗಿ ಬಂದೈತೆ ಊವು,” ಎಂದರು. ಹಕಾರ ಅವರ ನಾಲಿಗೆಗೆ ಬರುವುದಿಲ್ಲ, ಬರಬೇಕೆಂದು ಅವರಿಗೆ ಯಾವತ್ತೂ ಅನ್ನಿಸಿಯೂ ಇಲ್ಲ.

ಅವರ ಪದ್ಧತಿಯೇ ಬೇರೆ. ಶೆಟ್ಟಿಹಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೂವನ್ನು ಆರಿಸಿ ಗೌರಿಗೆ ಮುಡಿಸುವುದು, ಬಾಡಿದ ಮೇಲೆ ಆ ನಿರ್ಮಾಲ್ಯವನ್ನು ಯಾರೂ ತುಳಿಯದ ಹಾಗೆ ನುಗ್ಗೆ ಮರದ ಬುಡಕ್ಕೆ ಹಾಕುವುದು. ಮಳೆ ಬಂದರೆ ಮತ್ತೆ ಅಲ್ಲೇ ಹುಟ್ಟುತ್ತಿತ್ತಂತೆ. ಬೀಜ ಎಂದು ಅವರು ಎಂದೂ ಎತ್ತಿಟ್ಟವರಲ್ಲ. ನಾನು ಬೀಜ ಸಂಗ್ರಹಣೆಯ ಬಗ್ಗೆ ಆನ್‌ಲೈನ್ ತರಗತಿಗೆ ಕೂತವಳು. ಎಳೆಯ ಹೂ ಕಿತ್ತರೆ ಬೀಜ ಬಲಿತಿರುವುದಿಲ್ಲ, ಇಲ್ಲಿ ನುಗ್ಗೆ ಮರವೂ ಇಲ್ಲ, ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ್ದೇವೆ, ನಿರ್ಮಾಲ್ಯ ಇಲ್ಲಿ ಕಸದ ಗಾಡಿಗೆ ಹೋಗುತ್ತದೆ ಎಂದು ವಿವರವಾಗಿ ತಿಳಿಸಿ ಹೇಳಿದೆ. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ಗೌರಿ ಪೂಜೆಗೆ ಕೂರುವುದಿಲ್ಲ. ಆ ಕಡೆಯ ಮನೆಗಳಲ್ಲಿ ಹಾಗೆ. ಪೂಜೆ ಸೊಸೆಯದು, ಕಳಶ ಸೊಸೆಯದು, ಬಾಗಿನ ಸೊಸೆಯದು. ತಮ್ಮ ಹಿತ್ತಲಿನ ಆ ಹೂವನ್ನು ಬಿಡಿಸಿ ತಂದು ತಟ್ಟೆಯಲ್ಲಿಟ್ಟು ಬಾಗಿಲ ಪಕ್ಕ ನಿಲ್ಲುವುದಷ್ಟೇ ಹಬ್ಬದಲ್ಲಿ ಅವರ ಪಾಲಿಗೆ ಉಳಿದದ್ದು.

“ನಿನ್ ಗಿಡ, ನಿನ್ ಇಷ್ಟ,” ಎಂದು ಹೇಳಿ ಒಳಗೆ ಹೋದರು.

ಯಾರದೋ ಮದುವೆಯಲ್ಲಿ ದ್ರಾಕ್ಷಿ ಗೋಡಂಬಿ ತುಂಬಿ ಕೊಟ್ಟಿದ್ದ ತೆಳು ಬಲೆಯ ಚೀಲವೊಂದಿತ್ತು. ಅದನ್ನು ಹೂವಿಗೆ ಮುಸುಕು ಹಾಕಿ ದಾರ ಕಟ್ಟಿದೆ. ತಾರಸಿಯ ಗಾಳಿಗೆ ದಂಟು ಮುರಿಯದಿರಲೆಂದು ಕುಂಡವನ್ನು ಕೆಳಗಿಳಿಸಿ ಮುಂದಿನ ಕಾಂಪೌಂಡ್ ಗೋಡೆಯ ಒಳಬದಿಗೆ ಇಡಿಸಿದೆ. ಚಿಟ್ಟೆ, ಇರುವೆ, ಮಳೆ, ಅತ್ತೆ, ಎಲ್ಲರಿಂದಲೂ ಹೂವನ್ನು ಕಾಪಾಡಿದ್ದೇನೆಂದು ನೆಮ್ಮದಿಯಾಗಿದ್ದೆ.

ನಮ್ಮ ಬಡಾವಣೆಯ ಬೆಳಗಿನ ಭಕ್ತರನ್ನು ಮರೆತಿದ್ದೆ. ಇವರು ವಾಕಿಂಗ್ ಹೋಗುವವರೇ, ಆದರೆ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ತಮ್ಮ ಮನೆಯ ಮುಂದೆ ಕಾರು ನಿಲ್ಲಿಸಲು ಜಾಗ ಬೇಕೆಂದು ಇದ್ದ ಗಿಡವನ್ನೆಲ್ಲ ಕಡಿಸಿದವರು, ಪರರ ಕಾಂಪೌಂಡಿನ ದಾಸವಾಳ, ನಂದಿಬಟ್ಟಲು, ಪಾರಿಜಾತಗಳಲ್ಲಿ ದೇವರ ಪಾಲನ್ನು ವಸೂಲಿ ಮಾಡುತ್ತ ಹೋಗುತ್ತಾರೆ. ಎಟುಕದ್ದಕ್ಕೆ ದೋಟಿಯೂ ಉಂಟು. ಯಾರಾದರೂ ಕೇಳಿದರೆ, ದೇವರಿಗೆ ಅಲ್ವಾ, ಎಂದು ಕೇಳಿದವರನ್ನೇ ಪಾಪಿಗಳ ಹಾಗೆ ನೋಡುತ್ತಾರೆ. ಇವರಲ್ಲಿ ಹಿರಿಯರೆಂದರೆ ಹಿಂದಿನ ಕ್ರಾಸಿನ ನಿವೃತ್ತ ಅಧಿಕಾರಿಯೊಬ್ಬರು. ಇಸ್ತ್ರಿ ಮಾಡಿದ ಟ್ರ್ಯಾಕ್ ಪ್ಯಾಂಟು, ಹಣೆಗೆ ವಿಭೂತಿ. ಅವರು ಹೋದ ಬೀದಿಯಲ್ಲಿ ಮೊಗ್ಗೂ ಉಳಿಯುವುದಿಲ್ಲ.

ಗೌರಿ ಹಬ್ಬದ ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ಮೊದಲು ಕುಂಡದ ಕಡೆ ನೋಡಿದೆ. ಗಿಡವಿತ್ತು, ತಲೆ ಇರಲಿಲ್ಲ. ಬಲೆಯ ಚೀಲವನ್ನು ಬಿಚ್ಚಿ, ಮಡಿಸಿ, ಗಾಳಿಗೆ ಹಾರದಂತೆ ಗೇಟಿನ ಚಿಲಕಕ್ಕೆ ಕಟ್ಟಿಟ್ಟು ಹೋಗಿದ್ದರು. ಕದ್ದವರು ಸಭ್ಯರು.

ನಾನು ಬೀದಿಯ ಮಧ್ಯೆ ನಿಂತು ಕೂಗಾಡಿದೆ. ಅತ್ತೆ ಹೊರಗೆ ಬಂದು, ಮುರಿದ ದಂಟನ್ನು ಒಮ್ಮೆ ಮುಟ್ಟಿ ನೋಡಿ, ಪೂಜೆಗೆ ಹೊತ್ತಾಯಿತು ಎಂದಷ್ಟೇ ಹೇಳಿದರು. ಮಾರ್ಕೆಟ್ಟಿನ ಸೇವಂತಿಗೆ ಇಟ್ಟು ನಾನು ಪೂಜೆ ಮುಗಿಸಿದೆ. ಬಾಗಿಲ ಪಕ್ಕ ಆ ದಿನ ಯಾರೂ ನಿಲ್ಲಲಿಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಹಿಂದಿನ ಕ್ರಾಸಿನ ಅಧಿಕಾರಿಗಳ ಮನೆಯಿಂದ ಕರೆ ಬಂತು. ಹೋದೆ. ಸೀರಿಯಲ್ ಲೈಟಿನ ಮಂಟಪದಲ್ಲಿ ಗೌರಿ, ಗೌರಿಯ ತಲೆಯ ಮೇಲೆ ನಮ್ಮ ಕೋಳಿಜುಟ್ಟು.

“ಎಷ್ಟ್ ಚೆನ್ನಾಗಿದೆ ಅಲ್ವಾ? ಯಶವಂತಪುರ ಮಾರ್ಕೆಟ್ಟಿಗೆ ಬೆಳಗ್ಗೆನೇ ಹೋಗಿ ಹುಡುಕಿ ತಂದ್ರು ಕಣ್ರೀ ನಮ್ಮನೆಯವ್ರು,” ಎಂದರು ಆ ಮನೆಯಾಕೆ. ಪಾಪ, ಅವರು ಅದನ್ನು ನಿಜವೆಂದೇ ನಂಬಿದ್ದರು. ನಮ್ಮನೆಯವರು ಎನಿಸಿಕೊಂಡವರು ಸೋಫಾದಲ್ಲಿ ಕೂತು, ಆಫ್ ಮಾಡಿದ್ದ ಟಿವಿಯನ್ನು ಏಕಾಗ್ರತೆಯಿಂದ ನೋಡುತ್ತಿದ್ದರು.

ದೇವಿಯ ಮುಂದೆ ಜಗಳ ತೆಗೆಯಲು ನನಗೆ ಬಾಯಿ ಬರಲಿಲ್ಲ. ಆ ಹೂವನ್ನು ಪ್ರಸಾದವಾಗಿ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದೆ. ಅದು ಮಾತ್ರ ಆಗುವುದಿಲ್ಲ, ವಿಸರ್ಜನೆಯಲ್ಲಿ ತಾಯಿಯ ಜೊತೆಗೇ ಹೋಗಬೇಕು ಎಂದು ಹೇಳಿ ಒಂದು ರವಿಕೆ ಬಟ್ಟೆ, ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರಬಹುದು, ಇಬ್ಬರೂ ಕೂತು ಬೈಯಬಹುದು ಎಂಬ ಆಸೆಯಿತ್ತು. ಅವರು ಎದ್ದು ಮುಖ ತೊಳೆದು, ಸೆರಗು ಸರಿ ಮಾಡಿಕೊಂಡು ಚಪ್ಪಲಿ ಮೆಟ್ಟಿದರು.

“ನಡಿ, ಮನೆ ತೋರ್ಸು.”

ಮಾವ ಹೋದಂದಿನಿಂದ ಅತ್ತೆ ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋದವರಲ್ಲ, ಅವರನ್ನು ಯಾರೂ ಕರೆದೂ ಇಲ್ಲ. ಬೇಡ ಅತ್ತೆ ಎನ್ನಲು ಬಾಯಿ ತೆರೆದೆ. ಅವರು ಆಗಲೇ ಗೇಟು ದಾಟಿದ್ದರು.

ಆ ಮನೆಯ ಹಜಾರದ ತುಂಬ ರೇಷ್ಮೆ ಸೀರೆಗಳು. ಅತ್ತೆ ಬರಿ ಹಣೆಯಲ್ಲಿ, ನೂಲಿನ ಸೀರೆಯಲ್ಲಿ ನಡುವೆ ದಾರಿ ಮಾಡಿಕೊಂಡು ನೇರ ಮಂಟಪದ ಮುಂದೆ ಹೋಗಿ ಕೂತರು. ಅವರು ಗೌರಿಗೆ ಕೈ ಮುಗಿದು, ತಲೆಯ ಮೇಲಿನ ಹೂವನ್ನು ಎತ್ತಿಕೊಂಡು, ಬೋರಲು ಮಾಡಿ, ಬುಡವನ್ನು ಹೆಬ್ಬೆರಳಿನಿಂದ ಅಂಗೈ ಮೇಲೆ ಉಜ್ಜಿದರು. ಬೀಜ ಉದುರಿತು. ಹೆಚ್ಚಿನವು ಬಿಳಿಚಿಕೊಂಡ ಎಳೆಯವು, ನಾನು ಹೇಳಿದ್ದ ಹಾಗೆಯೇ. ಆದರೆ ನಡುವೆ ಕೆಲವು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು, ಮಳೆ ಬಂದರೆ ಮತ್ತೆ ಹುಟ್ಟುವಂಥವು, ಅವರು ಹೇಳಿದ್ದ ಹಾಗೆ. ಎಲ್ಲವನ್ನೂ ಸೆರಗಿನ ಚುಂಗಿಗೆ ಸುರಿದು ಗಂಟು ಹಾಕಿದರು. ಆಮೇಲೆ ಹೂವನ್ನು ಮತ್ತೆ ಗೌರಿಯ ತಲೆಗೆ ಇಟ್ಟರು. ಇಟ್ಟು, ಸ್ವಲ್ಪ ಓರೆಯಾಯಿತೆಂದು ಸರಿ ಮಾಡಿ, ತಮ್ಮ ಎರಡೂ ಕೈಗಳನ್ನು ಅದರ ಮೇಲಿಂದ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ದೇವಿಯ ಮುಂದೆ ಕೂತ ಮುದುಕಿಯನ್ನು ಗದರುವ ಧೈರ್ಯ ಯಾರಿಗಿದೆ? ಅಧಿಕಾರಿಗಳು ಗಂಟಲು ಸರಿ ಮಾಡಿಕೊಂಡು, ಅದು ಮಾರ್ಕೆಟ್ಟಿನಿಂದ ತಂದ ಹೂ ಎಂದು ತಾವಾಗಿಯೇ ಹೇಳಿದರು.

“ಔದಾ? ಅಂಗಾದ್ರೆ ನಾಳೀಕೆ ನಂಗೂ ಒಂದು ತಂದ್ಕೊಡಪ್ಪ,” ಎಂದರು ಅತ್ತೆ.

ಅವರ ಹೆಂಡತಿ ಗಂಡನ ಮುಖ ನೋಡಿದರು. ಆ ಮನೆಯಲ್ಲಿ ಆ ರಾತ್ರಿ ಏನಾಯಿತೋ ಗೊತ್ತಿಲ್ಲ, ಒಳ್ಳೆಯದೇ ಆಗಿರಲಿ. ಕುಂಕುಮದ ತಟ್ಟೆ ಹಿಡಿದಿದ್ದ ಆಕೆ ಅತ್ತೆಯ ಎದುರಿಗೆ ಬಂದು, ಕೊಡಬೇಕೋ ಬಾರದೋ ತಿಳಿಯದೆ, ಕೈಗೆ ಸಿಕ್ಕಿದ ಒಂದು ಬಾಳೆಹಣ್ಣು ಕೊಟ್ಟರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, ಅಲ್ಲೇ ಸುಲಿದು ತಿಂದು, ಸಿಪ್ಪೆಯನ್ನು ಅವರ ಕೈಗೇ ವಾಪಸ್ಸು ಕೊಟ್ಟು ಎದ್ದರು.

ದಾರಿಯುದ್ದಕ್ಕೂ ನಾನು ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದೆ. ವಿಭೂತಿ ಬೇರೆ ಕೇಡು, ಕಳ್ಳ ಭಕ್ತ, ಪೊಲೀಸರಿಗೆ ಹೇಳಬೇಕು ಎಂದೆಲ್ಲ. ಗೆದ್ದ ಖುಷಿಯೂ ಇತ್ತು. ಬೀಜ ಸಿಕ್ಕಿದ ಸುದ್ದಿಯನ್ನು ಗುಂಪಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಬರೆಯುತ್ತಿದ್ದೆ.

ಅತ್ತೆ ನಮ್ಮ ಗೇಟಿನ ಹತ್ತಿರ ನಿಂತರು.

“ಅವ್ನ ಬೈಬ್ಯಾಡ, ಸುಮ್ಕಿರು. ಕದ್ರೂನೂವೆ ತಗಂಡೋಗಿ ಗೌರಿ ತಲೆಗೆ ಇಟ್ಟವ್ನೆ. ನೀನು ಮನೇಲಿದ್ದ ಊವ ಇಡಕ್ ಬಿಡ್ಲಿಲ್ವಲ್ಲವ್ವ.”

ಬೀಜ ಬಲಿಯುವ ವಿಷಯ ಬಾಯಿಯವರೆಗೂ ಬಂದು ಹಿಂದೆ ಹೋಯಿತು. ಬೆವರಿಗೆ ಬೀಜ ಒದ್ದೆಯಾಗುತ್ತದೆ, ಕಾಗದದಲ್ಲಿ ಕಟ್ಟಿಡುತ್ತೇನೆ, ಕೊಡಿ ಎಂದು ಕೈ ಚಾಚಿದೆ. ಅವರು ಗಂಟನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು, ನನ್ನ ಕೈಯನ್ನು ನೋಡಿಯೂ ನೋಡದಂತೆ ಒಳಗೆ ಹೋದರು.